ಐದನೆಯ ಅಧ್ಯಾಯದ ಹಕ್ಕು

ಜೆರಾಕ್ಸ್ ಯಂತ್ರದ ಹಸಿರು ಬೆಳಕು ಗಾಜಿನಡಿ ಅತ್ತ ಹೋಗಿ ಇತ್ತ ಬಂತು, ಏಳನೆಯ ಪುಟ, ಕಾಗದ ಇನ್ನೂ ಬೆಚ್ಚಗಿದೆ, ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹಾರ್ನುಗಳ ನಡುವೆ ನನ್ನದೇ ಪುಸ್ತಕದ ಕರಾರನ್ನು ನಿಂತುಕೊಂಡೇ ಓದುತ್ತಿದ್ದೇನೆ — ಲೇಖಕಿ, ಅಂದರೆ ನಾನು, ಅರ್ಚನಾ, ಪದವಿ ಕಾಲೇಜಿನ ಕನ್ನಡ ಅಧ್ಯಾಪಕಿ, ಕೃತಿಯ ಸಕಲ ಹಕ್ಕುಗಳನ್ನು ಎಲ್ಲ ಭಾಷೆಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ ಶಾಶ್ವತವಾಗಿ ಪ್ರಕಾಶಕರಿಗೆ ಒಪ್ಪಿಸತಕ್ಕದ್ದು, ಶಾಶ್ವತವಾಗಿ, ಎಷ್ಟು ಸಲೀಸಾಗಿ ಬರೆದಿದ್ದಾರೆ, ಯಾವ ಭಾಗವನ್ನೂ ಹಿಂಪಡೆಯುವಂತಿಲ್ಲ. ಪ್ರಕಾಶಕ ಕ್ರಾಂತಿಕುಮಾರ್ ನಿನ್ನೆ ಫೋನಿನಲ್ಲಿ ನಕ್ಕಿದ್ದರು, ಮೇಡಂ, ಎಲ್ರಿಗೂ ಇದೇ ನಮೂನಿ ರೀ, ಯಾರೂ ಓದಂಗಿಲ್ಲ, ಸೈನ್ ಮಾಡಿ ಕಳಿಸ್ತಾರ, ಮುಂದಿನ ವರ್ಷ ಬಿ.ಎ.ಗೆ ಪಠ್ಯ ಮಾಡಿಸೋಣಂತ, ನಿಮ್ಮ ಐದನೇ ಅಧ್ಯಾಯ ಓದಿದೋರು ಯಾರು ಬ್ಯಾಡ ಅಂತಾರ. ಐದನೆಯದು. ಇದೇ ಪುಸ್ತಕ ಪಿಎಚ್.ಡಿ. ಪ್ರಬಂಧವಾಗಿದ್ದಾಗ ಪರೀಕ್ಷಕರೂ ಅದನ್ನೇ ಪ್ರಬಂಧದ ಜೀವ ಅಂದಿದ್ದರು.

ಕಾನಹೊಸಹಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ತೊಡೆಯ ಮೇಲೆ ಫೈಲು, ಪೆನ್ಸಿಲಿನಲ್ಲಿ ಅಂಚಿಗೆ ಬರೆಯುತ್ತಿದ್ದೇನೆ, ಹಕ್ಕು ಲೇಖಕಿಯಲ್ಲೇ ಉಳಿಯುವುದು, ಐದು ವರ್ಷ ಅಚ್ಚು ಹಾಕುವ ಅನುಮತಿ ಮಾತ್ರ ನಿಮಗೆ, ಅಚ್ಚಿಗೆ ಮುಂಚೆ ಯಾವ ಭಾಗವನ್ನಾದರೂ ತೆಗೆಯಬಹುದು — ಬಸ್ಸು ಕುಲುಕಿದಾಗ ಅಕ್ಷರ ಸೊಟ್ಟಗಾಗುತ್ತದೆ, ಫೈಲಿನ ತಳದಿಂದ ಒಂದು ಹಳೆಯ ಹಾಳೆ ಜಾರಿ ಬೀಳುತ್ತದೆ, ಒಂಬತ್ತು ವರ್ಷದ ಹಿಂದಿನ ಒಪ್ಪಿಗೆ ಪತ್ರ, ನಾನು ಹೇಳಿದ ಯಾವುದರ ಮೇಲೂ ನನಗೆ ಹಕ್ಕು ಇರುವುದಿಲ್ಲ, ಕೆಳಗೆ ಕಾನಹೊಸಹಳ್ಳಿಯ ಕುರಿ ಸಾಕುವ ಅಜ್ಜಿ ಭರಮಮ್ಮಳ ಹೆಬ್ಬೆಟ್ಟು. ಟೈಪ್ ಮಾಡಿದವಳು ನಾನೇ. ಯಾವುದೋ ಮಾದರಿ ನೋಡಿಕೊಂಡು, ಓದಿ ಹೇಳದೆ, ಇಲ್ಲಿ ಒತ್ತಿ ಅಜ್ಜಿ ಅಂದಿದ್ದೆ, ಆಕೆ ಒತ್ತಿದ್ದಳು. ನಾನು ಕುರಿ ಸಾಕುವವರ ಮಾತುಗಳನ್ನು ಕೂಡಿಸುತ್ತಿದ್ದೆ, ಕಿವಿಗೊಂದು ಹೆಸರು, ಬಣ್ಣಕ್ಕೊಂದು ಹೆಸರು, ಈಯುವ ಹೊತ್ತಿಗೆ ಏನೇನು ಅಂತೀರಿ ಅಜ್ಜಿ ಅಂತ ಕೇಳಿದ್ದೆ, ಅಷ್ಟೇ, ಆಕೆ ಮಗಳು ರೋಜಾಳ ಕಡೆ ಹೊರಳಿಬಿಟ್ಟಳು, ಅರಸೀಕೆರೆ ಹೊಲದಾಗ ಹಟ್ಟಿ ಹಾಕಿದ್ವಿ, ಅವತ್ತ ಕುರಿ ಈಯಾಕ ಹತ್ತಿದ್ವು, ಅವತ್ತ ಅಕಿಗೂ ಬ್ಯಾನಿ ಬಂದ್ವು, ದವಾಖಾನಿಗೆ ಒಯ್ಯಾಕ ಆಟೋ ಬಂದು ನಿಂತಿತ್ತವ್ವಾ, ನಾನ ಸಂಜಿಗೆ ಹೋದ್ರಾತು ಅಂದ್ನಿ. ಸಂಜೆಯ ತನಕ ರೋಜಾ ಉಳಿಯಲಿಲ್ಲ. ಕೂಸು ಉಳಿಯಿತು. ರೆಕಾರ್ಡರ್ ನನ್ನ ಮಡಿಲಲ್ಲಿ ಓಡುತ್ತಲೇ ಇತ್ತು, ನಾನು ಆರಿಸಲಿಲ್ಲ, ಅದನ್ನೇ ಐದನೆಯ ಅಧ್ಯಾಯವಾಗಿ ಹನ್ನೊಂದು ಪುಟ ಬರೆದೆ, ಹೆಸರನ್ನೂ ಬದಲಿಸಲಿಲ್ಲ. ಆ ಕೂಸು ಕೀರ್ತನಾ, ನಾನು ಕೇಳಲು ಹೋದಾಗಲೇ ಒಂಬತ್ತು ವರ್ಷದವಳು, ಈಗ ಬಿ.ಎ. ಮೊದಲ ವರ್ಷ, ನನ್ನ ತರಗತಿಯ ಎರಡನೆಯ ಬೆಂಚು, ಅವ್ವ ಜ್ವರ ಬಂದು ಸತ್ತಳು ಎಂದೇ ತಿಳಿದಿದ್ದಾಳೆ. ಮುಂದಿನ ವರ್ಷ ಪಠ್ಯವಾದರೆ ಗಟ್ಟಿಯಾಗಿ ಓದು ಅಂತ ಅವಳನ್ನೇ ಎಬ್ಬಿಸಬೇಕೇನು.

ಭರಮಮ್ಮ ಅಂಗಳದಲ್ಲಿ ಕೂತು ತಾಯಿ ಇಲ್ಲದ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಾಳೆ, ನಾನು ಎರಡೂ ಕಾಗದ ಓದಿ ಹೇಳಿದೆ, ಮೊದಲು ಪ್ರಕಾಶಕರದು, ಆಮೇಲೆ ನನ್ನದು, ನನ್ನದನ್ನು ಓದುವಾಗ ದನಿ ಸಣ್ಣಗಾದದ್ದು ನನಗೇ ಕೇಳಿಸಿತು. ಆಕೆ ಸಿಟ್ಟಾಗಲಿಲ್ಲ. ನಿನ್ನ ಮುಂದ ಹೇಳಿದ್ನೆವ್ವಾ, ಊರ ಮುಂದ ಅಲ್ಲ, ಕುರಿ ಮಾತೆಲ್ಲ ಹಾಕ್ಕೋ, ಅದೊಂದು ಬ್ಯಾಡ. ಅಲ್ಲೇ ನಿಂತು ಕ್ರಾಂತಿಕುಮಾರರಿಗೆ ಫೋನು ಮಾಡಿದೆ, ಐದು ವರ್ಷದ ಮಾತಿಗೆ ಗೊಣಗಿದರು, ಒಪ್ಪಿದರು, ಐದನೆಯ ಅಧ್ಯಾಯ ತೆಗೆಯುತ್ತೇನೆ ಅಂದದ್ದಕ್ಕೆ ಮಾತ್ರ, ಮೇಡಂ, ಅದಿಲ್ಲಂದ್ರ ಪುಸ್ತಕದಾಗ ಏನೈತ್ರೀ, ಬರೇ ಪದ ಅದಾವ, ಅದನ್ನ ಬಿಡಂಗಿದ್ರ ನಮಗ ಬ್ಯಾಡ್ರಿ. ಹಾಗಾದರೆ ಬೇಡ, ಅಂದೆ. ಬಡ್ತಿಯ ಸಂದರ್ಶನ ಮಾರ್ಚಿಗಿದೆ, ಅರ್ಜಿಯಲ್ಲಿ ಪ್ರಕಟಿತ ಗ್ರಂಥ ಎಂಬ ಜಾಗ ಖಾಲಿ ಬಿಡಬೇಕು, ಬಿಡುತ್ತೇನೆ, ದುಃಖವೇನೂ ಅನಿಸುತ್ತಿಲ್ಲ, ಅಥವಾ ನಾಳೆ ಅನಿಸೀತು. ಹಳೆಯ ಹಾಳೆಯ ಆ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಸಹಿ ಹಾಕಿ ಭರಮಮ್ಮಳಿಗೆ ಕೊಟ್ಟೆ, ಆಕೆ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮರಿ ಮತ್ತೆ ಬಾಟಲಿಗೆ ಬಾಯಿ ಹಾಕಿತು, ಅಷ್ಟರಲ್ಲಿ ಕೀರ್ತನಾ ಬಂದಳು, ಕಾಲೇಜಿನ ಬ್ಯಾಗು ಹೆಗಲ ಮೇಲೆ, ನನ್ನನ್ನು ಕಂಡು ನಾಚಿಕೊಂಡು, ಮೇಡಂ, ನಿಮ್ಮ ಪುಸ್ತಕದಾಗ ಅಜ್ಜಿ ಅದಾಳಂತಲ್ರಿ, ನಮ್ಮವ್ವನೂ ಅದಾಳೇನ್ರಿ — ಇಲ್ಲ ಅನ್ನಬೇಕು, ಹತ್ತು ನಿಮಿಷದಿಂದ ಈಚೆಗೆ ಅದು ನಿಜವೂ ಹೌದು, ಬಾಯಿ ತೆರೆದಿದ್ದೇನೆ, ಭರಮಮ್ಮ ನನ್ನ ಕಡೆ ನೋಡದೆ, ಅವರನ್ನ ಕೇಳಬ್ಯಾಡ, ಅದು ನಂದು, ಬಾ, ಕುಂದ್ರಿಲ್ಲಿ, ನಾನ ಹೇಳ್ತೀನಿ. ಕೀರ್ತನಾ ಬ್ಯಾಗು ಇಳಿಸದೆಯೇ ಕೂತಳು, ನಾನು ಏಳಬೇಕು, ಏಳುತ್ತಿಲ್ಲ, ಬಾಟಲಿ ಮರಿಯ ಬಾಯಿಂದ ತಪ್ಪಿದೆ, ಹಿಡಿದ ಕೈ ಹಾಗೇ ನಿಂತಿದೆ, ರಬ್ಬರಿನ ತುದಿಯಲ್ಲಿ ಒಂದು ಹನಿ ಹಾಲು, ಕೀರ್ತನಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಾಳೆ, ನಾನು ಹನಿಯನ್ನು, ಬೀಳುತ್ತಿಲ್ಲ ಅದು, ರಬ್ಬರಿನ ತುದಿಯಲ್ಲಿ, ಹನಿ