ಗಂಟಲಿಗಿಳಿದ ದೀಪ

ಕಹಿ, ಮಾತ್ರೆ ಅಗಿದಂಥ ಕಹಿ — ಔಷಧ ಚಿಮುಕಿಸಿದ ಕಡೆಯಿಂದ ನಾಲಿಗೆಯ ಬುಡ ಮರಗಟ್ಟುತ್ತ ಬರುತ್ತಿದೆ, ಗಂಟಲು ನನ್ನದಲ್ಲ ಅನ್ನಿಸುತ್ತಿದೆ, ಎಡಮಗ್ಗುಲಾಗಿ ಮಲಗಿ ಅಮ್ಮ, ಮಂಡಿ ಸ್ವಲ್ಪ ಮಡಚಿ ಅನ್ನುತ್ತಾಳೆ ನರ್ಸು, ಅವಳ ಅಂಗೈ ನನ್ನ ತಲೆಯ ಹಿಂದೆ ಬೆಚ್ಚಗಿದೆ, ಅವಳ ತೋಳಿನ ಹೊಲಿಗೆ ಬಿಟ್ಟಿದೆ, ಇಂಥ ಹೊತ್ತಲ್ಲೂ ಕಣ್ಣು ಹೋಗುವುದು ಹೊಲಿಗೆಗೇ, ಇಪ್ಪತ್ತೆಂಟು ವರ್ಷ ಬಟ್ಟೆ ಹೊಲಿದ ಕಣ್ಣು. ಊಟ ಮುಗಿಸಿ ಕೈ ತೊಳೆದವಳೇ ಮಿಷನ್ ಮೇಲೆ ಬಗ್ಗುವುದು, ಬಗ್ಗಿದ ಕೂಡಲೇ ಎದೆಯಿಂದ ಹುಳಿನೀರು ಬಾಯಿಗೆ, ಅಂಗಡಿಯ ಕಾಯಿಲೆ ಅಂದುಕೊಂಡಿದ್ದೆ, ಎದುರು ಮಿಷನ್ನಿನಲ್ಲಿ ಕೂತ ಅಕ್ಕನಿಗೂ ಅದೇ ಅಲ್ಲವೇ, ಮಿಷನ್ನಿಗಿಂತ ನಿನ್ನ ತೇಗೇ ಜೋರು ಕಣಕ್ಕ ಅಂತ ಛೇಡಿಸುತ್ತಿದ್ದೆ, ನಗುತ್ತಿದ್ದಳು, ಉರಿ ಹೆಚ್ಚಾದರೆ ಎದ್ದು ತಣ್ಣನೆ ಹಾಲು ಕುಡಿದು ಬಂದು ಮತ್ತೆ ಪೆಡಲ್ ಒತ್ತುತ್ತಿದ್ದಳು.

ಬಳೆಯಂಥದ್ದೊಂದನ್ನು ಹಲ್ಲಿಗೆ ಕಚ್ಚಿಸಿದರು, ಇನ್ನು ಮಾತಿಲ್ಲ. ಹೋದ ವಾರ ಡಾಕ್ಟರು ಅಂದಿದ್ದು, ಎದೆಯುರಿ ಅಂದವರಿಗೆಲ್ಲ ಎಂಡೋಸ್ಕೋಪಿ ಮಾಡಲ್ಲಮ್ಮ, ಮೊದಲು ಮಾತ್ರೆ ಕೊಟ್ಟು ನೋಡ್ತೀವಿ, ನಿಮಗೆ ಎರಡು ತಿಂಗಳಾದ್ರೂ ಕಡಿಮೆ ಆಗಿಲ್ಲ, ತುತ್ತು ಬೇರೆ ಸಿಕ್ಕಿಕೊಳ್ಳುತ್ತೆ ಅಂತೀರಿ, ಇನ್ನು ಒಳಗೆ ನೋಡದೆ ಹೇಳೋ ಹಾಗಿಲ್ಲ. ತುತ್ತು ಸಿಕ್ಕಿಕೊಳ್ಳುತ್ತೆ — ಅಕ್ಕನೂ ಅದೇ ಮಾತು ಹೇಳಿದ್ದಳು, ಶಾಲೆ ಶುರುವಾಗಲು ಹದಿನೈದೇ ದಿನ, ಸಮವಸ್ತ್ರದ ಬಟ್ಟೆ ಚಾವಣಿ ಮುಟ್ಟುತ್ತಿದೆ, ಪೈಪ್ ಹಾಕಿ ನೋಡಿಸಿಕೊಳ್ಳಿ ಅಂದ್ರು ಕಣೇ, ಹೋಗಿ ಬರಲಾ, ನನ್ನನ್ನು ಕೇಳಿದಳು, ದೊಡ್ಡವಳು ಚಿಕ್ಕವಳನ್ನು ಕೇಳಿದಳು, ನಾನು ಕತ್ತರಿಯಿಂದ ತಲೆಯೆತ್ತದೆ, ಗ್ಯಾಸ್ ಅಕ್ಕ, ಆರ್ಡರ್ ಮುಗೀಲಿ, ಆಮೇಲೆ ಹೋದರಾಯ್ತು. ಮುಗಿಯಿತು, ಬೆನ್ನಿಗೇ ಇನ್ನೊಂದು ಬಂತು, ಆ ಆಮೇಲೆ ಬರುವಷ್ಟರಲ್ಲಿ ಗಡ್ಡೆ ಅನ್ನನಾಳವನ್ನೇ ಮುಚ್ಚಿತ್ತು. ಅಕ್ಕ ಹೋಗಿ ನಾಲ್ಕು ವರ್ಷ, ಭಾವನಿಗೂ ಹೇಳಿಲ್ಲ, ಅವಳು ನನ್ನನ್ನು ಕೇಳಿದ್ದಳು ಅಂತ.

ಕರಿ ಕೊಳವೆ ಬಂತು, ತುದಿಯಲ್ಲಿ ದೀಪ, ನುಂಗಿ, ಈಗ ನುಂಗಿ — ವಾಕರಿಕೆ, ಹೊಟ್ಟೆಯೇ ಕಿತ್ತು ಬರುವಂತೆ, ಮೂಗಲ್ಲಿ ಉಸಿರಾಡಿ, ಆಯ್ತು ಆಯ್ತು, ಜೊಲ್ಲು ಕೆನ್ನೆ ದಾಟಿ ಹಸಿರು ಬಟ್ಟೆಗಿಳಿಯುತ್ತಿದೆ, ನಾಚಿಕೊಳ್ಳಲೂ ಪುರುಸೊತ್ತಿಲ್ಲ, ಎದುರಿನ ಪರದೆಯಲ್ಲಿ ನಾನೇ, ಒಳಗಿನ ನಾನು, ತಿಳಿಗುಲಾಬಿ, ಅಸ್ತರಿನಷ್ಟು ನುಣುಪು, ಇಳಿದಂತೆ ದಾರಿ ತೆರೆಯುತ್ತ ಹೋಗುತ್ತದೆ, ಕೆಳಗೆ ಎರಡು ಕೆಂಪು ಗೆರೆ, ಇಸ್ತ್ರಿ ತಾಗಿದ ರೇಷ್ಮೆಯ ಹಾಗೆ, ಗಡ್ಡೆ ಎಲ್ಲಿದೆ ಎಂದು ನಾನೇ ಹುಡುಕುತ್ತಿದ್ದೇನೆ. ಆಸಿಡ್ ಮೇಲೆ ಬಂದು ಬಂದು ಸುಟ್ಟಿರೋದಮ್ಮ ಇದು, ಹೊಟ್ಟೆ ಬಾಗಿಲು ಸಡಿಲ ಆಗಿದೆ, ಗಡ್ಡೆ ಏನೂ ಕಾಣ್ತಿಲ್ಲ, ಆದ್ರೂ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಪುಟ್ಟ ಇಕ್ಕಳ ಚಿವುಟಿದ್ದು ಕಾಣಿಸಿತು, ನೋವಾಗಲಿಲ್ಲ. ಕೊಳವೆ ಹೊರಬಂತು, ಗೋಡೆಯ ಗಡಿಯಾರ ನೋಡಿದೆ, ಎಂಟು ನಿಮಿಷ, ಒಂದು ಕಾಲರ್ ಕೂರಿಸುವಷ್ಟು ಹೊತ್ತು. ಡಾಕ್ಟರು ಕೈಗವಸು ಬಿಚ್ಚುತ್ತಿದ್ದರು, ಮರಗಟ್ಟಿದ ನಾಲಿಗೆಯಲ್ಲೇ ಕೇಳಿದೆ, ನಮ್ಮಕ್ಕ ಇಲ್ಲೇ ಗಡ್ಡೆಯಾಗಿ ಹೋದ್ಲು, ಆಗಲೇ ನೋಡಿದ್ರೆ ಉಳೀತಿದ್ಲಾ. ಕೈಗವಸು ಬುಟ್ಟಿಗೆ ಹಾಕಿ ಅಂದರು, ಅದು ಹೇಳೋಕಾಗಲ್ಲಮ್ಮ, ನೋಡಿದ್ರೆ ಗೊತ್ತಾಗ್ತಿತ್ತು, ಅಷ್ಟು ಹೇಳಬಲ್ಲೆ.

ಹೊರಗೆ ಬೆಂಚಿನಲ್ಲಿ ಮಗಳು, ಏನಂದ್ರಮ್ಮ, ಸುಟ್ಟಿದೆ ಅಷ್ಟೇ, ಮಾತ್ರೆ ಬದಲಾಯಿಸಿದಾರೆ, ಊಟ ಆದ ಕೂಡಲೇ ಬಗ್ಗಬಾರದಂತೆ, ಚೂರಿನ ವರದಿ ಬರಲು ಒಂದು ವಾರ. ಅವಳು ನಿಟ್ಟುಸಿರು ಬಿಟ್ಟು ನಕ್ಕಳು, ಅರ್ಧ ಗಂಟೆ ಕಾದು ನೀರಿನ ಬಾಟಲಿ ಕೈಗಿಟ್ಟಳು, ಮೆಲ್ಲಗೆ ಕುಡಿ. ಗುಟುಕು ಇಳಿಯುತ್ತಿದೆ, ತಣ್ಣಗೆ, ಆ ಗುಲಾಬಿ ದಾರಿಯುದ್ದಕ್ಕೂ ಹಿಂಬಾಲಿಸುತ್ತೇನೆ, ಇಳಿಯಿತು, ಎಷ್ಟು ಸಲೀಸಾಗಿ ಇಳಿಯಿತು — ಕೊನೆಯ ದಿನ ಅಕ್ಕ ನೀರು ಕೇಳಿದ್ದಳು, ಚಮಚದಲ್ಲಿ ಹಾಕಿದೆ, ಕಣ್ಣು ಮುಚ್ಚಿ ನುಂಗಲು ನೋಡಿದಳು, ತುಟಿಯ ಅಂಚಿನಿಂದ ಅಷ್ಟೂ ವಾಪಸು ಬಂತು, ಒರೆಸಿದೆ, ಮತ್ತೆ ಚಮಚ ತುಂಬಿದೆ, ಅವಳು ಬೇಡ ಎಂದು ತಲೆಯಾಡಿಸಿದಳು, ನನ್ನ ಕೈಯಲ್ಲಿ ಆ ಚಮಚ, ತುಂಬಿದ ಚಮಚ, ಒಂದು ಹನಿಯೂ ಚೆಲ್ಲದೆ, ಚಮಚ —