ನಾಲ್ಕೇ ಚೀಲ

ಸಾವಿರದ ಒಂಬೈನೂರ ಎಪ್ಪತ್ತೈದರ ಯುಗಾದಿ. ಅಮೆರಿಕದ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಚರ್ಚಿನ ನೆಲಮಾಳಿಗೆಯಲ್ಲಿ ಕನ್ನಡ ಕೂಟದವರು ಉಂಡೆದ್ದಾಗ ಒಂಬತ್ತು ಚೀಲ ಕಸ ಉಳಿದಿತ್ತು. ಹಿಂದಿನ ವರ್ಷ ಹದಿನಾಲ್ಕಾಗಿತ್ತು. ಬಾಟಲಿ, ಡಬ್ಬಿಗಳನ್ನು ಬೇರ್ಪಡಿಸಿ ಮರುಬಳಕೆಗೆ ಕೊಟ್ಟು ಅದನ್ನು ಒಂಬತ್ತಕ್ಕೆ ಇಳಿಸಿದವಳು ಅನಸೂಯ. ಆದರೂ ಚರ್ಚಿನ ಮೇಲ್ವಿಚಾರಕನಿಗೆ ಸಮಾಧಾನವಿಲ್ಲ. ಊರಾಚೆ ಕಸ ಸುರಿಯುವ ಗುಂಡಿ ತುಂಬುತ್ತ ಬಂದಿದೆ, ಇನ್ನು ಮೇಲೆ ನಾಲ್ಕೇ ಚೀಲ, ಮಿಕ್ಕದ್ದು ನಿಮ್ಮ ಮನೆಗೆ ಎಂದುಬಿಟ್ಟ.

ದೀಪಾವಳಿ ಹತ್ತಿರ ಬಂತು. ಕಸ ಇಳಿಸುವ ದಾರಿ ಹುಡುಕಲು ಒಂದು ಭಾನುವಾರ ಮಧ್ಯಾಹ್ನ ಅನಸೂಯಳ ಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷ ದ್ವಾರಕಾನಾಥರು ಮೈಸೂರಿನ ಎಂಜಿನಿಯರ್, ಮಾತಿಗೆ ಕೂತರೆ ಏಳುವವರಲ್ಲ. ಧಾರವಾಡದ ಡಾಕ್ಟರ್ ಪಂಚಾಕ್ಷರಿಯವರೂ ಬಂದಿದ್ದರು. ಅನಸೂಯಳ ಗಂಡ ತಿರುಮಲೇಶ ಕಾಫಿ ತಂದಿಟ್ಟ.

"ಫ್ಲೋರಿಡಾದಿಂದ ಬಾಳೆ ಎಲೆ ತರಿಸಿದ್ರೆ ಹೇಗೆ? ಪ್ಲೇನಲ್ಲಿ ಬರುತ್ತೆ," ಎಂದರು ದ್ವಾರಕಾನಾಥರು.

"ಉಂಡ ಮ್ಯಾಲೆ ಎಲೀನೂ ಚೀಲಕ್ಕ ಹೋಗ್ತದಲ್ರಿ," ಎಂದರು ಪಂಚಾಕ್ಷರಿ.

ಅಲ್ಲಿಂದ ಮಾತು ಮುತ್ತುಗದ ಎಲೆಗೆ ಹೊರಳಿ, ಮೈಸೂರಿನ ಯಾವುದೋ ಮದುವೆಯ ಹೋಳಿಗೆಗೆ ಹೋಗಿ ಕೂತಿತು. ಒಂದೂವರೆ ಗಂಟೆ ಕಳೆಯಿತು. ಅನಸೂಯ ಹಲ್ಲು ಕಚ್ಚಿಕೊಂಡು ಕೇಳಿದಳು. ಕೊನೆಗೆ ಲೋಟವನ್ನು ಟಪ್ಪೆಂದು ಕುಕ್ಕಿದಳು.

"ಆ ಚೀಲಗಳ ಬಾಯಿ ಕಟ್ಟಿದೋಳು ನಾನು. ಒಳಗೆ ಏನಿತ್ತು ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ? ಅರ್ಧ ಬರೀ ಅನ್ನ! ತಾವೇ ಬಡಿಸಿಕೊಳ್ಳಿ ಅಂದ್ರೆ ಎಲ್ರೂ ಗುಡ್ಡದ ಹಾಗೆ ಹಾಕ್ಕೋತಾರೆ, ತಿನ್ನೋದು ಎರಡು ತುತ್ತು. ಮಿಕ್ಕಿದ್ದು ಪೇಪರ್ ತಟ್ಟೆ, ಲೋಟ. ಪಂಕ್ತಿ ಹಾಕಿ ಕೂರಿಸೋಣ, ಕೇಳಿದಷ್ಟೇ ಬಡಿಸೋಣ. ತಟ್ಟೆ, ಲೋಟ ಅವರವರ ಮನೇದು, ತೊಳೆಯೋದೂ ಅವರವರ ಮನೇಲೇ."

"ಬಡಿಸೋಕೆ ಹೆಂಗಸರಿಗೆ ಹೇಳಿದ್ರಾಯ್ತು..." ಎಂದು ದ್ವಾರಕಾನಾಥರು ರಾಗ ಎಳೆದರು.

"ಹೆಂಗಸರು ಎರಡು ದಿನದಿಂದ ಅಡಿಗೆ ಮಾಡಿರ್ತಾರೆ. ನೀವು ಬಡಿಸಿ."

ಪಂಚಾಕ್ಷರಿಯವರೇ ಮೊದಲು ತಲೆಯಾಡಿಸಿದರು. "ಆತು ಬಿಡ್ರಿ, ಸಾರು ನಾ ಬಡಿಸ್ತೀನಿ."

ಅನಸೂಯ ವಾರವಿಡೀ ಆಸ್ಪತ್ರೆಯ ಲ್ಯಾಬಿನಿಂದ ಬಂದವಳೇ ಫೋನ್ ಹಿಡಿದು ಕೂತಳು. ನಲವತ್ತು ಮನೆಗಳಿಗೂ ಒಂದೇ ಮಾತು: ತಟ್ಟೆ, ಲೋಟ ತನ್ನಿ. ಎಲ್ಲರೂ "ಖಂಡಿತ" ಎಂದರು.

ದೀಪಾವಳಿಯ ದಿನ ಹನ್ನೊಂದು ಸಂಸಾರ ಕೈಬೀಸಿಕೊಂಡು ಬಂತು. "ಅಯ್ಯೋ, ಮರೆತೇ ಹೋಯ್ತು ಕಣ್ರೀ!" ಅನಸೂಯಳ ಮೈ ಉರಿಯಿತು. ಪಂಕ್ತಿಯೇನೋ ಚೆನ್ನಾಗಿಯೇ ನಡೆಯಿತು. ಪಂಚಾಕ್ಷರಿಯವರು ಸೊಂಟಕ್ಕೆ ಟವೆಲ್ ಬಿಗಿದು ಓಡಾಡಿದರು, ತಟ್ಟೆಗಳಲ್ಲಿ ಒಂದಗುಳೂ ಉಳಿಯಲಿಲ್ಲ. ಮರೆತವರು ಎರಡನೆಯ ಪಂಕ್ತಿಗೆ ಕಾಯಲಿ, ಮೊದಲ ಪಂಕ್ತಿಯ ತಟ್ಟೆ ತೊಳೆದು ಕೊಟ್ಟರಾಯಿತು ಎಂದು ಅವಳು ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ದ್ವಾರಕಾನಾಥರು ಕಾರಿನಿಂದ ಎರಡು ದೊಡ್ಡ ಪೆಟ್ಟಿಗೆ ಹೊತ್ತು ತಂದರು. ಪೇಪರ್ ತಟ್ಟೆ, ಕುಡಿದು ಬಿಸಾಡುವ ಬಿಳಿ ಸ್ಟೈರೋಫೋಮ್ ಲೋಟ.

"ಎಮರ್ಜೆನ್ಸಿಗೆ ಇರಲಿ ಅಂತ ತಂದಿದ್ದೆ," ಎಂದು ಹೆಮ್ಮೆಯಿಂದ ನಕ್ಕರು.

ಪೆಟ್ಟಿಗೆ ಕಂಡದ್ದೇ ತಡ, ಸ್ಟೀಲ್ ಲೋಟ ತಂದವರೂ ಬಿಳಿ ಲೋಟಕ್ಕೆ ಕೈಚಾಚಿದರು.

ಊಟ ಮುಗಿದಾಗ ಐದು ಚೀಲವಾಗಿತ್ತು. ಮೇಲ್ವಿಚಾರಕ ನಾಲ್ಕನ್ನು ತೆಗೆದುಕೊಂಡು, ಐದನೆಯದನ್ನು ಅನಸೂಯಳ ಕಡೆ ತಳ್ಳಿದ. ಅವಳು ಅದನ್ನು ದರದರನೆ ಎಳೆದುಕೊಂಡು ಹೋಗಿ ದ್ವಾರಕಾನಾಥರ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು.

"ಅಲ್ಲ ಅನಸೂಯ ಅವರೇ, ಇದು..."

"ನಿಮ್ಮದೇ ಸಾಮಾನು, ಸಾರ್. ಜೋಪಾನವಾಗಿ ತಗೊಂಡು ಹೋಗಿ."

ದಾರಿಯಲ್ಲಿ ತಿರುಮಲೇಶ ಮೆಲ್ಲಗೆ ಹೇಳಿದ, "ಒಂಬತ್ತು ಇದ್ದದ್ದು ಐದಾಯ್ತಲ್ಲೇ. ಕಮ್ಮಿಯೇನು?"

ಅವಳು ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ತಟ್ಟೆ ಮರೆತ ಆ ಹನ್ನೊಂದು ಮನೆಗಳ ಹೆಸರು ಬರೆದಳು, ಫೋನ್ ಎತ್ತಿ ಮೊದಲನೆಯ ನಂಬರ್ ತಿರುಗಿಸಿದಳು.