ಎರಡೂವರೆ ಎಣಿಸುವ ಮಾಸ್ಟರ್

"ಮಾಸ್ಟರ್, ನೀವೂ ಆ ಹಾಡು ಕೇಳ್ತೀರಾ?" ಎಂದು ಟೈಲರಮ್ಮ ನಕ್ಕಾಗ ನಮ್ಮ ಕಾರು ನೀರಿನ ಟ್ಯಾಂಕಿನ ಹಿಂದಿನ ಏರಿನಲ್ಲಿ ಅರ್ಧಕ್ಕೆ ನಿಂತಿತ್ತು.

"ಯಾವ ಹಾಡು?"

"ಯಾವ ಹಾಡು ಅಂತೆ. ಈಗ ಎಣಿಸಿದ್ರಲ್ಲ, ಅದೇ." ಐವತ್ತು ದಾಟಿದ ಆಕೆ ಸ್ಟಿಯರಿಂಗ್ ಬಿಡದೆ, ರಸ್ತೆಯಿಂದ ಕಣ್ಣು ತೆಗೆಯದೆ ಹಾಡಿದರು. "ಒಂದು, ಎರಡು, ಎರಡೂವರೆ. ಅಲ್ಲೇ ನಿಲ್ಲು, ನಡುಗಲಿ ಬಿಡು, ತಾನೇ ಹೊರಡುತ್ತೆ."

ನನ್ನ ಅಂಗೈ ಬೆವರಿತು. ಅದು ಬೆವರಲು ದೊಡ್ಡ ಕಾರಣವೇನೂ ಬೇಕಾಗಿಲ್ಲ, ಆದರೂ ಈ ಸಲ ಕಾರಣವಿತ್ತು. ಆ ಮಾತು ನನ್ನದು.

ನಾನು ಕಾರು ಓಡಿಸುವುದನ್ನು ಕಲಿಸುವವನು. ಹತ್ತೊಂಬತ್ತು ವರ್ಷಗಳಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಏರಿನಲ್ಲಿ ನಿಂತ ಕಾರು ಮುಂದೆ ಹೋಗಬೇಕಾದರೆ ಕ್ಲಚ್ಚಿನ ಮೇಲಿನ ಕಾಲನ್ನು ಮೆಲ್ಲಗೆ ಎತ್ತಬೇಕು. ಎತ್ತುತ್ತಾ ಹೋದಂತೆ ಒಂದು ಹಂತದಲ್ಲಿ ಕಾರು ಸಣ್ಣಗೆ ನಡುಗುತ್ತದೆ. ಕಾಲನ್ನು ಅಲ್ಲೇ ತಡೆದರೆ ಕಾರು ಹೊರಡುತ್ತದೆ. ಗಾಬರಿಯಾಗಿ ಪೂರ್ತಿ ಬಿಟ್ಟರೆ ಎಂಜಿನ್ ಆಫ್. ಬೇರೆ ಮಾಸ್ಟರುಗಳು ಒಂದು, ಎರಡು, ಮೂರು ಎನ್ನುತ್ತಾರೆ. ಮೂರು ಎಂದು ಕೇಳಿದ ಮನುಷ್ಯ ಕಾಲು ಎತ್ತದೆ ಇರಲಾರ. ಅದಕ್ಕೇ ನಾನು ಮೂರರ ತಂಟೆಗೇ ಹೋಗುವುದಿಲ್ಲ. ಎರಡೂವರೆಗೆ ನಿಲ್ಲಿಸಿ, "ಅಲ್ಲೇ ನಿಲ್ಲಿ, ನಡುಗಲಿ ಬಿಡಿ, ತಾನೇ ಹೊರಡುತ್ತೆ" ಎನ್ನುತ್ತೇನೆ.

ಪಾಠದ ಕಾರಿನಲ್ಲಿ ರೇಡಿಯೋ ಹಾಕಬಾರದೆಂಬುದು ನನ್ನದೇ ನಿಯಮ. ಮನೆಯಲ್ಲಿ ಹಾಡು ಕೇಳಿಬಂದರೂ ಪದಗಳ ಕಡೆ ಗಮನ ಕೊಟ್ಟವನಲ್ಲ. ಹಾಗಾಗಿ ಊರಿಗೆಲ್ಲ ಬಾಯಿಪಾಠವಾದ ಹಾಡು ನನಗೆ ತಿಳಿದದ್ದು ಕೊನೆಗೆ. ತಿಳಿದ ಮೇಲೆ ಹುಟ್ಟಿದ್ದು ಸಂತೋಷವಲ್ಲ, ಹೆದರಿಕೆ. ಈ ಮನುಷ್ಯ ಸಿನಿಮಾ ಹಾಡು ಕದ್ದು ಪಾಠ ಮಾಡುತ್ತಾನೆ ಎಂದು ಜನ ಆಡಿಕೊಂಡರೆ? ಮುಂದಿನ ಸಲ ನಾನು ಎಣಿಕೆಯನ್ನು ನುಂಗಿಕೊಂಡೆ. ಟೈಲರಮ್ಮ ಮೂರು ಸಲ ಎಂಜಿನ್ ಆಫ್ ಮಾಡಿದರು.

"ಯಾಕೆ ಮಾಸ್ಟರ್, ನಾಲಿಗೆ ಬಿದ್ದೋಯ್ತಾ? ನೀವು ಎಣಿಸದೆ ಇದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

ಎಣಿಸಿದೆ. ಕಾರು ಏರು ಹತ್ತಿತು.

ಮರಳಿ ಬಂದಾಗ ಮೇಡಂ ಆಫೀಸಿಗೆ ಕರೆದರು. ನಮ್ಮ ಡ್ರೈವಿಂಗ್ ಶಾಲೆ ಅವರ ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಆರು ವರ್ಷಗಳಿಂದ ಮಗಳೇ ನಡೆಸುತ್ತಿದ್ದಾರೆ. ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದಿತ್ತು.

"ಮಾಸ್ಟ್ರೇ, ನಿಮ್ಮ ಕೈಲಿ ಒಬ್ಬೊಬ್ಬರು ಇಪ್ಪತ್ತೈದು ಕ್ಲಾಸ್ ತಗೋತಾರೆ. ಇವರು ಹತ್ತರಲ್ಲಿ ಮುಗಿಸ್ತಾರೆ."

ಇವರು ಎಂದರೆ ಬಾಗಿಲಿಗೆ ಒರಗಿ ನಿಂತಿದ್ದ ಇನ್ನೊಬ್ಬ ಮಾಸ್ಟರ್. ನಾವೆಲ್ಲ ಅವನನ್ನು 'ಹತ್ತೇ ದಿನ' ಎಂದೇ ಕರೆಯುವುದು.

"ಮುಂದಿನ ತಿಂಗಳಿಂದ ನೀವು ಒಳಗೆ ಕೂತು ಫಾರಂ ತುಂಬಿಸಿ. ನಿಮ್ಮ ಕಾರು ಇವರು ತಗೋತಾರೆ."

"ಬೇಜಾರು ಮಾಡ್ಕೋಬೇಡಿ ಅಣ್ಣ," ಎಂದ ಹತ್ತೇ ದಿನ. "ಫ್ಯಾನಿನ ಕೆಳಗೆ ಆರಾಮ. ಬಸವನಹುಳಕ್ಕೆ ರಸ್ತೆ ಯಾಕೆ?"

ಉತ್ತರ ಕೊಡಬೇಕಿತ್ತು. ಆದರೆ ನನಗೆ ಉತ್ತರ ಹೊಳೆಯುವುದು ಮನೆಗೆ ಹೋಗಿ ಕಾಲು ತೊಳೆದ ಮೇಲೆ. ಅಷ್ಟೇ ಅಲ್ಲ, ಅವರು ಹೇಳುವುದೂ ನಿಜವಿರಬಹುದೆಂದು ಅನ್ನಿಸಿತು. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲವೆಂದಲ್ಲ. ಪಕ್ಕದ ಸೀಟು ಒಂದೇ ನಾನು ಜಗತ್ತಿಗೆ ಉಪಯೋಗಕ್ಕೆ ಬಂದ ಜಾಗ.

ಮರುದಿನ ರಜೆ. ಹೆಂಡತಿ ಬಟಾಣಿ ಬಿಡಿಸುತ್ತಾ ರೇಡಿಯೋ ಹಾಕಿದ್ದಳು. ಆ ಹಾಡು ಬರೆದು ಹಾಡಿದ ಹುಡುಗಿಯ ಸಂದರ್ಶನ. ಎರಡೂವರೆ ಎಂದರೇನು, ಅರ್ಧ ಒಪ್ಪಿದ ಪ್ರೇಮವೇ ಎಂದು ಕೇಳುವವನು ಕೇಳಿದ. ಆಕೆ ನಕ್ಕಳು.

"ಅಲ್ಲ. ಒಂಬತ್ತು ವರ್ಷದ ಹಿಂದೆ ಕಾರು ಕಲಿಯೋಕೆ ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದೆ ಒಂದು ಏರಿದೆ, ಅದರ ಬುಡದಲ್ಲಿ ಶಾಲೆ. ನಮ್ಮ ಮಾಸ್ಟರ್ ನನಗಿಂತ ಹೆಚ್ಚು ಹೆದರ್ತಿದ್ರು. ಕೈ ಒರೆಸೋಕೆ ತೊಡೆ ಮೇಲೆ ಟವೆಲ್ ಇಟ್ಕೊಂಡಿರೋರು. ಅವರ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಆ ಏರಿನಲ್ಲಿ ಒಂದು ಸಲಾನೂ ಅದನ್ನ ಒತ್ತಲಿಲ್ಲ. ಎಣಿಸೋರು, ಕಾಯೋರು. ಅಷ್ಟು ಹೆದರಿಕೊಂಡು ನನ್ನನ್ನ ಅಷ್ಟು ನಂಬಿದವರು ಇನ್ನೊಬ್ಬರಿಲ್ಲ. ಆ ಹಾಡು ಅವರದ್ದು."

ಹೆಂಡತಿಯ ಕೈಯಿಂದ ಬಟಾಣಿ ಉರುಳಿತು. "ರೀ, ಇದು ನೀವೇ."

"ಟವೆಲ್ ಇಟ್ಕೊಳ್ಳೋರು ಬೇರೆಯವರೂ ಇರಬಹುದು."

"ಇರಬಹುದು. ಕಾಗೆನೂ ಬೆಳ್ಳಗಿರಬಹುದು. ಎದ್ದು ನಿಮ್ಮ ಹಳೇ ನೋಟ್‌ಬುಕ್ ನೋಡಿ."

ಸಂಜೆ ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಳಿದುಬಂದದ್ದು ಒಂದೇ ಅಭ್ಯಾಸ, ಬರೆದಿಡುವುದು. ಕಲಿಯಲು ಬಂದವರೆಲ್ಲರ ಬಗ್ಗೆ ನನ್ನಲ್ಲಿ ಎರಡು ಸಾಲು ಇರುತ್ತದೆ. ಒಂಬತ್ತು ವರ್ಷದ ಹಿಂದಿನ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. "ಎಡಗಾಲು ನಡುಗುತ್ತದೆ. ಪ್ರತಿ ತಪ್ಪಿಗೂ ಕ್ಷಮೆ ಕೇಳುತ್ತಾಳೆ. ಏರಿನಲ್ಲಿ ಏನೋ ಗುನುಗುತ್ತಾಳೆ, ನಿಲ್ಲಿಸಲು ಹೇಳಬೇಕು."

ಹೆಂಡತಿ ಬಿದ್ದು ಬಿದ್ದು ನಕ್ಕಳು. "ಸದ್ಯ, ನೀವು ಹೇಳಲಿಲ್ಲವಲ್ಲ. ಹೇಳಿದ್ದರೆ ಹಾಡೇ ಹುಟ್ಟುತ್ತಿರಲಿಲ್ಲ."

ನನಗೆ ನಗು ಬರಲಿಲ್ಲ. ನಾನು ಹೆದರುಪುಕ್ಕಲನೆಂದು ರೇಡಿಯೋ ಇರುವ ಎಲ್ಲ ಮನೆಗೂ ತಿಳಿದಿತ್ತು. ಮೇಡಂಗೆ ಇನ್ನು ಬೇರೆ ಸಾಕ್ಷಿ ಏಕೆ? ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮರ್ಯಾದೆ ಎಂದು ಮರುದಿನ ಬೆಳಿಗ್ಗೆ ಬೇಗ ಹೋದೆ. ಮೇಡಂ ಆ ಸಂದರ್ಶನವನ್ನು ಆಗಲೇ ಕೇಳಿದ್ದರು.

"ಹೆದರೋ ಮಾಸ್ಟರ್ ಅಂತ ಬೋರ್ಡಿನ ಮೇಲೆ ಬರೆಸ್ಲಾ?" ಎಂದರು. ಮುಖ ಬಿಗಿದಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಫೋನ್ ಬಂತು. ಮೇಡಂ ಎತ್ತಿ ಕೇಳಿಸಿಕೊಂಡರು.

"ಹೌದು, ಟ್ಯಾಂಕಿನ ಹಿಂದೇನೇ. ಇದ್ದಾರೆ." ನನ್ನನ್ನು ನೋಡಿದರು. "ಹೌದು, ಅವರೇ."

ಇಟ್ಟ ಫೋನ್ ಮತ್ತೆ ರಿಂಗಾಯಿತು. ಹತ್ತು ಗಂಟೆಗೆ ಜನ ಬರತೊಡಗಿದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟೂ ಸ್ಟಿಯರಿಂಗ್ ಮುಟ್ಟದ ಕಂಡಕ್ಟರ್, ಹಲ್ಲು ಕೀಳಲು ಹೆದರದೆ ಗೇರ್ ಹಾಕಲು ಹೆದರುವ ಡಾಕ್ಟರಮ್ಮ. ಆಫೀಸಿನ ಎರಡು ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಅವರಲ್ಲಿ ನಾಲ್ವರ ಬಳಿ ಲೈಸೆನ್ಸ್ ಇತ್ತು. ನಾಲ್ವರೂ 'ಹತ್ತೇ ದಿನ'ನ ಕೈಯಲ್ಲಿ ಕಲಿತವರು.

"ಲೈಸೆನ್ಸ್ ಇದೆ, ಕಾರೂ ಇದೆ," ಎಂದರು ಒಬ್ಬರು. "ಹೊದಿಕೆ ತೆಗೆಯೋ ಧೈರ್ಯ ಇಲ್ಲ. ಇವರು ಎಲ್ಲದಕ್ಕೂ ತಾವೇ ಬ್ರೇಕ್ ಒತ್ತುತ್ತಿದ್ರು."

ಹತ್ತೇ ದಿನ ಬಾಗಿಲು ಬಿಟ್ಟು ಸರಿದ. ಸ್ವಲ್ಪ ಹೊತ್ತಿಗೆ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಅಣ್ಣ, ಒತ್ತದೆ ಇರೋದು ಹ್ಯಾಗೆ? ನನ್ನ ಕಾಲು ತಾನಾಗೇ ಹೋಗುತ್ತೆ."

"ನನ್ನದೂ ಹೋಗುತ್ತೆ," ಎಂದೆ. "ತಡೀತೀನಿ, ಅಷ್ಟೇ." ಜೀವನದಲ್ಲಿ ಮೊದಲ ಸಲ ಉತ್ತರ ಸರಿಯಾದ ಹೊತ್ತಿಗೆ ಬಂದಿತ್ತು.

ಆ ವಾರ ಟೈಲರಮ್ಮ ಪರೀಕ್ಷೆ ಪಾಸಾದರು. ಪರೀಕ್ಷೆಯ ಅಧಿಕಾರಿಯ ಎದುರೇ ಹಾಡು ಹೇಳಿಕೊಂಡು ಏರು ಹತ್ತಿಸಿದರಂತೆ.

ಶನಿವಾರ ಎಲ್ಲರೂ ಹೋದ ಮೇಲೆ ಮೇಡಂ ನನ್ನ ಕಾರಿನ ಕೀಲಿ ಹಿಡಿದು ಹೊರಗೆ ಬಂದರು. ಕಾರನ್ನು ಕಸಿದುಕೊಳ್ಳಲು ಬಂದರೆಂದೇ ಎಣಿಸಿದೆ. ಅವರು ಬೀದಿಯ ಎರಡೂ ಕಡೆ ನೋಡಿದರು.

"ಮಾಸ್ಟ್ರೇ, ಯಾರಿಗೂ ಹೇಳಬೇಡಿ. ನನಗೆ ಕಾರು ಬರಲ್ಲ."

ನಾನೂ ಬೀದಿಯ ಎರಡೂ ಕಡೆ ನೋಡಿದೆ.

"ಅಪ್ಪ ಎರಡು ದಿನ ಕಲಿಸಿದ್ರು. ಮೂರನೇ ದಿನ ಕೂಗಾಡಿದ್ರು. ಆಮೇಲೆ ನಾನು ಕೂರಲಿಲ್ಲ. ಡ್ರೈವಿಂಗ್ ಶಾಲೆ ಯಜಮಾನಿ ಅಂತ ಯಾರ ಹತ್ರ ಕೇಳೋದು? ನೀವು ಒಳಗೆ ಕೂತ್ರೆ ನನಗೆ ಕಲಿಸೋರು ಯಾರು?"

"ಹತ್ತಿ," ಎಂದೆ.

ಏರಿನ ಮಧ್ಯದಲ್ಲಿ ಕಾರು ನಿಂತುಹೋಯಿತು. ಹಿಂದೆ ಲಾರಿಯೊಂದು ಬಂದು ಹಾರ್ನ್ ಒತ್ತತೊಡಗಿತು. ಅದರ ಹಿಂದೆ ಇನ್ನೆರಡು. ಮೇಡಂ ಕಣ್ಣಲ್ಲಿ ನೀರು. "ಆಗಲ್ಲ ಮಾಸ್ಟ್ರೇ. ನೀವೇ ಓಡಿಸಿಬಿಡಿ."

ನನ್ನ ಎದೆ ಲಾರಿಗಿಂತ ಜೋರಾಗಿ ಸದ್ದು ಮಾಡುತ್ತಿತ್ತು. ಆದರೂ ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲು ತೆಗೆದು ಇಳಿದೆ. ಲಾರಿಯ ಮುಂದೆ ಹೋಗಿ ನಿಂತು ಕೈ ಎತ್ತಿದೆ.

"ಕಲೀತಿದ್ದಾರೆ," ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಷ್ಟು ದನಿ ಇತ್ತೆಂದು ಗೊತ್ತಿರಲಿಲ್ಲ. "ಎಷ್ಟು ಹೊತ್ತಾಗುತ್ತೋ ಅಷ್ಟು ಹೊತ್ತು ಕಾಯ್ತೀರಿ."

ಲಾರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾರ್ನಿನಿಂದ ಕೈ ತೆಗೆದು, ಎಂಜಿನ್ ಆಫ್ ಮಾಡಿದ.